ಗಂಡನ ಫೋನಿಗೆ ಹೋದ ನಂಬರು

ಚನ್ನಗಿರಿಯ ಬ್ಯಾಂಕೊಂದರ ಸರದಿಯಲ್ಲಿ ನಿಂತಿದ್ದ ಜವಳಿ ಅಂಗಡಿಯ ಮುರುಗೇಂದ್ರಪ್ಪನವರ ಕಿವಿಗೆ, ಮುಂದೆ ಕೌಂಟರಿನ ಬಳಿಯಿದ್ದ ಇಬ್ಬರು ಅಡಿಕೆ ಸುಲಿಯುವ ಹೆಂಗಸರ ಮಾತು ಬಯಸದೆಯೇ ಬಿತ್ತು.

"ಹೇಮಕ್ಕಾ, ನನ್ನ ಹೆಸರಲ್ಲಿ ಹೊಸ ಖಾತೆ ತೆರೆಯಾಕೆ ಆಧಾರ್ ಕೊಟ್ಟೆ, ಫೋಟೋ ಕೊಟ್ಟೆ. ಈಗ ಒಟಿಪಿ ಹೇಳು ಅಂತಾರೆ."

"ಹೇಳು ಮತ್ತೆ."

"ಅದು ನಮ್ಮ ಮನೆಯವರ ಫೋನಿಗೆ ಹೋಗೈತೆ. ಆಧಾರ್ ಮಾಡಿಸಿದಾಗ ನನ್ನತ್ರ ಫೋನೆಲ್ಲಿತ್ತು?"

"ಅಯ್ಯೋ ಸಾಜಿದಾ! ಅವನಿಗೆ ಗೊತ್ತಾಗಬಾರದು ಅಂತ ತಾನೇ ಕೆಲಸ ಬಿಟ್ಟು ಬಂದಿದ್ದು?"

"ಹೂಂ. ನನ್ನ ಕೂಲಿ ಅವರ ಖಾತೆಗೆ ಬೀಳ್ತೈತೆ, ಅಲ್ಲಿಂದ ಇಸ್ಪೀಟಿಗೆ ಹೋಗ್ತೈತೆ. ಇನ್ನು ಮುಂದಾದ್ರೂ ನನಗೆ ಉಳೀಲಿ ಅಂದ್ಕೊಂಡೆ."

ಅಷ್ಟರಲ್ಲಿ ಸಾಜಿದಾಳ ಫೋನು ಹೊಡೆದುಕೊಂಡಿತು. ಗಂಡನ ಮಾತು ಕೇಳಿಸಿಕೊಂಡು ಆಕೆ ಫೋನು ಕೆಳಗಿಳಿಸಿದಳು.

"ಏನಂದ?"

"ನಂಬರ್ ಹೇಳ್ತಾರಂತೆ. ಪಾಸ್‌ಬುಕ್ಕು, ಕಾರ್ಡು ತಂದು ಅವರ ಕೈಗೆ ಕೊಡಬೇಕಂತೆ."

"ಭಾರಿ ಉಪಕಾರ ಮಾಡ್ತಾನೆ, ದೊಡ್ಡ ಸಾಹೇಬ!"

ಗುಮಾಸ್ತ ತಲೆಯೆತ್ತಿದ. "ಟೈಮು ಮುಗೀತಮ್ಮಾ. ಇನ್ನೊಂದ್ಸಲ ಕಳಿಸ್ಲಾ?"

"ಬ್ಯಾಡ್ರಿ ಸರ್. ನಾನು ಯಾರು ಅಂತ ನಿಮಗೆ ತೋರಿಸಾಕೆ ಬಂದಿದ್ದೆ. ಈಗ ನಾನು ಯಾರು ಅಂತ ನಮ್ಮ ಮನೆಯವರಿಗೆ ಗೊತ್ತಾತು."

ಇಬ್ಬರೂ ಬಾಗಿಲು ದಾಟಿದರು. ಮುರುಗೇಂದ್ರಪ್ಪನವರು ತೆರವಾದ ಜಾಗಕ್ಕೆ ಸರಿದು ನಿಂತರು.