ತುಂಬುತೋಳಿನ ಜಂಪರು

...ಬಾಗಲಾ ಮುಂದ ಮಾಡಿದೆ ಅಂತ ಗಾಬರಿ ಆಗಬ್ಯಾಡ್ರಿ, ರಂಗೂಬಾಯಿಯವರ. ಒಂದೀಟು ಮಾತು, ಅಷ್ಟ. ಅಂಗಳದಾಗ ಅಷ್ಟು ಹೆಂಗಸರ ನಡುವ ಆಡೋ ಮಾತಲ್ಲ, ಅದಕ್ಕ ನಿಮ್ಮನ್ನ ಈ ನಡುಮನಿಗೆ ಕರದೆ. ಕೂಡ್ರಿ. ನೆಲದ ಮ್ಯಾಲ ಬ್ಯಾಡ, ಇಲ್ಲೆ, ಮಣಿ ಹಾಕೀನಿ. ಆ ಅರಿಶಿಣದ ಬಟ್ಟಲಾ ಇತ್ಲಾಗ ಕೊಡ್ರಿ, ಎಷ್ಟೊತ್ತಂತ ಹಿಡಕೊಂಡಿರ್ತೀರಿ... ಬ್ಯಾಡ? ನಿಮ್ಮ ಕೈಯಾಗ ಇರಲಿ ಅಂತೀರೇನು? ಇರಲಿ, ಇರಲಿ. ಮದುಮಗಗ ಹಚ್ಚಿ ಉಳಿದ ಅರಿಶಿಣ, ಅದನ್ನ ಅತ್ತಿಯಾದಾಕಿನ ತರಬೇಕು, ಅತ್ತಿಯಾದಾಕಿನ ಸೊಸಿಗೆ ಹಚ್ಚಬೇಕು. ಪದ್ಧತಿ ನನಗೂ ಗೊತ್ತದ. ಇಂದೂನ ತಾಯಿ, ನಮ್ಮಕ್ಕ, ತೀರಿಕೊಂಡ ಮ್ಯಾಲ ಈ ಹುಡುಗಿಗೆ ತಾಯಿನೂ ನಾನ, ಮೌಶಿನೂ ನಾನ. ನಾಳೆ ನಮ್ಮವರ ಜೋಡಿ ಕೂತು ಧಾರಿ ಎರಿಯಾಕಿನೂ ನಾನ. ಅದಕ್ಕ ನಿಮ್ಮ ಮುಂದ ಇಷ್ಟು ಸಲಿಗಿಲೆ ಮಾತಾಡ್ತೀನಿ.

ಏನಿಲ್ರಿ... ಈ ಅರಿಶಿಣ ಅದ ಅಲ್ಲಾ, ಇದನ್ನ ಬರೇ ಗಲ್ಲಕ್ಕ ಹಚ್ಚೋಣ ಅಂತೀನಿ. ಗಲ್ಲಕ್ಕ, ಪಾದಕ್ಕ. ಮುಗೀತು. ಕೈಗೆ, ತೋಳಿಗೆ, ಮೊಣಕೈತನಾ ಗಸಗಸಾ ತಿಕ್ಕೋದು, ಅವೆಲ್ಲಾ ನಮ್ಮ ಧಾರವಾಡದ ಕಡೆ ಹಳೀ ಮಂದಿದು. ಪುಣೆದಾಗ ಈಗ ಯಾರು ಮಾಡ್ತಾರ? ಇದೇ ಸದಾಶಿವ ಪೇಠದಾಗ ಹೋದ ತಿಂಗಳ ಒಂದು ಲಗ್ನ ಆತು, ದೊಡ್ಡ ವಕೀಲರ ಮನ್ಯಾಗ. ಮದುಮಗಳ ಹಣಿಗೆ ಮುತ್ತಿನ ಮುಂಡಾವಳಿ, ಮೈಮ್ಯಾಲ ತುಂಬುತೋಳಿನ ಜಂಪರು. ಇಲ್ಲೀತನಾ, ಮಣಿಕಟ್ಟಿನತನಾ. ತುದಿಗೆ ಲೇಸು. ಬಂದ ಮಂದಿ ಊಟಾ ಮರೆತು ನೋಡಿಕೋತ ನಿಂತಿದ್ರು.

ಯಾಕ್ರಿ, ನಗತೀರಿ? ...ನಗಲಿಲ್ಲ? ಹಾಂಗ ಕಂಡಿತು. ಕಿಡಕಿ ಬೆಳಕು ಮಾರಿ ಮ್ಯಾಲ ಬಿದ್ದದ, ಅದಕ್ಕಿರಬೇಕು.

ನಾನೂ ಹೊಲಿಸೀನ್ರಿ, ಅಂಥಾದ್ದ. ಲಷ್ಕರದಾಗ ಒಬ್ಬ ಶಿಂಪಿ ಇದ್ದಾನ, ಖಡಕಿ ದಂಡಿನ ಸಾಹೇಬರ ಹೆಂಡಂದಿರಿಗೆ ಗೌನು ಹೊಲೀತಾನ. ನಾನ ಟಾಂಗಾ ಮಾಡಿಕೊಂಡು ಹೋಗಿ, ಅವನ ಎದುರಿಗೆ ಕೂತು ಹೊಲಿಸಿದೆ. ಲಗ್ನದ ಶಾಲು ಸೀರಿ ಅಂಜೂರಿ ಬಣ್ಣದ್ದು, ಜಂಪರೂ ಅದೇ ಬಣ್ಣ. ಬಳಿ? ಬಳಿ ವಿಚಾರ ನೀವು ಮನಸಿನ್ಯಾಗ ತಂದೀರಿ, ನಂಗ ಗೊತ್ತದ. ಹಸರ ಬಳಿ ಬರೇ ಕೈಗೆ ಇಡಬೇಕಲ್ಲಾ ಅಂತ. ಅದಕ್ಕೂ ಉಪಾಯ ಮಾಡೀನಿ. ಎರಡು ಅಳತಿ ದೊಡ್ಡ ಬಳಿ ತರಿಸೋಣ, ಜಂಪರಿನ ಮ್ಯಾಲೆನ ಏರ್ತಾವ. ಗಿಲಿಗಿಲಿ ಅನ್ನೋದು ಅನ್ನತಾವಲ್ಲ? ಅದರ ಮ್ಯಾಲ ಮಲ್ಲಿಗಿ ಮೊಗ್ಗಿನ ಜಾಳಿಗಿ, ಮೊಣಕೈತನಾ ಸುತ್ತಿಬಿಡೋದು. ಹೊಸಾ ಥರಾ. ಊಟ ತನ್ನಿಚ್ಛಾ, ನೋಟ ಪರರಿಚ್ಛಾ ಅಂತ ಸುಮ್ಮನ ಅಂದಾರೇನು ಹಿರಿಯರು? ಅಂತರಪಟಕ್ಕ ಕಸೂತಿ ಮಾತ್ರ ಇಂದೂನ ಹಾಕ್ಯಾಳ. ಗೋಪುರ, ಹಂಸ, ತುಳಸಿಕಟ್ಟಿ... ಹಿಂದು ಮುಂದು ಒಂದ ಥರಾ, ಗಂಟು ಹುಡುಕಿದ್ರ ಸಿಗೂದಿಲ್ಲ. ಕೈ ಅಂದ್ರ ಕೈ ಅದು ಅಕೀದು.

ಕೈ ಅಂದ ಕೂಡಲೆ ಯಾಕ ಹಾಂಗ ನನ್ನ ನೋಡಿದ್ರಿ?

ಪಾನಕಾ ತಗೊಳ್ರಿ. ಆರಿಹೋಗ್ತದ ಅನ್ನಲಿಕ್ಕೆ ಅದು ಬಿಸಿನೂ ಅಲ್ಲ... ನೋಡ್ರಿ ನನ್ನ ಬಾಯಿ. ನಸಿಕಿನಿಂದ ಓಡಾಡಿ ಓಡಾಡಿ ಏನ ಮಾತಾಡ್ತೀನೋ ನಂಗ ತಿಳೀವಲ್ದು. ಮನಿ ಕಟ್ಟಿ ನೋಡು, ಮದುವಿ ಮಾಡಿ ನೋಡು ಅಂತ, ಖರೇನ ಅದ. ಈ ಸಲ ಏನೂ ಅಡ್ಡಿ ಬರಬಾರದು, ಅಷ್ಟ ನಂಗ... ಈ ಸಲ ಅಂದ್ನೇನು? ಇಲ್ರಿ, ಬಾಯಿ ತಪ್ಪಿತು. ಈ ಲಗ್ನಕ್ಕ ಅನ್ನೋದಕ್ಕ ಈ ಸಲ ಅಂದೆ.

ಇನ್ನೊಂದು ಅದ, ಇದಕ್ಕ ನೀವು ಹೂಂ ಅನ್ನಬೇಕು. ಅಕ್ಷತಿ ಬಿದ್ದ ಮರುದಿನನ ಇಬ್ಬರನೂ ಲೋಣಾವಳಾಕ್ಕ ಕಳಿಸೋಣ. ಮಧುಚಂದ್ರ ಅಂತಾರಲ್ಲ, ಅದು. ನಮ್ಮ ಕಾಲದಾಗ ಎಲ್ಲಿದು? ಗಂಡನ ಮಾರಿ ನೋಡಲಿಕ್ಕೆ ದೀಪಾ ಹಚ್ಚೋ ನೆವಾ ಹುಡುಕತಿದ್ವಿ. ಈಗ ಕಲಿತ ಹುಡುಗರು, ಹೋಗಿ ಬರಲಿ. ನಮ್ಮವರ ಹಾಪೀಸಿನ ಸಾಹೇಬ ವಿಲಾಯತಿಗೆ ಹೊಂಟಾನ, ಅವನ ಬಂಗಲೆ ಅಲ್ಲೆ ಖಾಲಿ ಅದ. ಅಡಿಗಿಗೆ ನಮ್ಮ ಏಕನಾಥ ಹೋಗ್ತಾನ, ಮಡಿ ಹುಡಿ ಎಲ್ಲಾ ಗೊತ್ತಿದ್ದಾಂವ. ಒಂದು ತಿಂಗಳು, ಬೇಕಾದ್ರ ಇನ್ನೂ ನಾಕು ದಿನ ಹೆಚ್ಚು. ನಿಮ್ಮ ಮಗ ಅವಧೂತಗ ಖಡಕಿ ಕಾರಖಾನಿದಾಗ ರಜಾ ಸಿಗ್ತದ ಅಂತ ನಮ್ಮವರು ಕೇಳಿಸ್ಯಾರ.

ಮಳಿ? ಹೌದ್ರಿ, ಮಳಿ ಹಿಡೀತದ. ಅಲ್ಲೆ ಹಿಡೀತಂದ್ರ ಹೊರಗ ಕಾಲ ಇಡಲಿಕ್ಕೆ ಬರೂದಿಲ್ಲ, ಖರೆ. ಮಂದಿ ಮಳ್ಯಾಗ ಅಲ್ಲಿಂದ ಇಳದ ಬರ್ತಾರ, ನಾವು ಹತ್ತಿಸಿ ಕಳಸ್ತೀವಿ, ಅದೂ ಖರೆ. ಆದ್ರ ಥಂಡಿ ನೋಡ್ರಿ, ಎಷ್ಟು ಛಲೋ ಥಂಡಿ. ಇಡೀ ದಿನಾ ಸ್ವೆಟರು ಹಾಕ್ಕೊಂಡ ಕೂಡಬಹುದು. ಉಣ್ಣೀದು ನಾನ ಹೆಣದೀನಿ, ತುಂಬುತೋಳಿಂದು... ಹೊರಗ ಹೋಗಲಿಲ್ಲಂದ್ರೇನಾತು? ಕಿಡಕ್ಯಾಗ ಕೂತು ಶೇಂಗಾ ಚಿಕ್ಕಿ ಕಡಕೋತ ಮಾತಾಡಲಿ. ಅತ್ತಿಮನ್ಯಾಗ ಹೊಸತಾಗಿ ಬಂದಾಕಿಗೆ ನಿಮ್ಮ ನೆಗೆಣ್ಯಾರು ತಲಿ ಎರೀತೀನಿ, ಮೈಗೆ ಎಣ್ಣಿ ಹಚ್ಚತೀನಿ ಅಂತ ಬರ್ತಾರ, ಹುಡುಗಿ ನಾಚಿಕೊಳ್ತಾಳ. ಅದಕ್ಕಿಂತ ಒಂದು ತಿಂಗಳು ಗಂಡನ ಜೋಡಿ ಹೊಂದಿಕೊಂಡು ಬರಲಿ. ಆಮ್ಯಾಲ... ಆಮ್ಯಾಲ ಏನಿದ್ರೂ ತಾನ ಸರಿ ಹೋಗ್ತದ.

ಏನಿದ್ರೂ ಅಂದ್ರ ಏನೂ ಇಲ್ರಿ. ಮಾತಿಗೆ ಅಂದೆ.

ಒಳಗಿನ ಖೋಲಿ ಕಡೆ ಯಾಕ ನೋಡತೀರಿ? ಇದ್ದಾಳ, ಅಲ್ಲೇ ಇದ್ದಾಳ. ತಲಿ ಎರಕೊಂಡು ಕೂತಾಳ. ತನ್ನದ ತಾನ ಮಾಡಿಕೊಳ್ತಾಳ ನಮ್ಮ ಇಂದೂ, ಸಣ್ಣಾಕಿದ್ದಾಗಿಂದ. ಎಣ್ಣಿ ಹಚ್ಚಿಕೊಳ್ಳೋದಿರಲಿ, ಸೀಗಿಕಾಯಿ ತಿಕ್ಕಿಕೊಳ್ಳೋದಿರಲಿ, ಒಂದಕ್ಕೂ ನನ್ನ ಕೈ ಬೇಕಾಗಿಲ್ಲ. ಅಕೀ ತಂಬಗಿ ಬ್ಯಾರೆ, ಪಂಚಾ ಬ್ಯಾರೆ, ಅಗದಿ ಸ್ವಚ್ಛ. ಹಾಂಗ ಬೆಳಸೀನಿ... ನೀವು ಮೆಚ್ಚತೀರಿ ಅಂತ ಹೇಳಿದೆ. ಮಾರಿ ಯಾಕ ಸಣ್ಣ ಮಾಡಿಕೊಂಡ್ರಿ?

ಯಾರದು? ...ಬಂದ್ವಿ, ರುದ್ರವ್ವ, ಬಂದ್ವಿ. ಹಾಡು ಸುರು ಮಾಡ್ರಿ ನೀವು. ಮಾಳಗಿ ಮ್ಯಾಲ ಬಾಡಿಗಿ ಇದ್ದಾರ್ರಿ ಈ ರುದ್ರವ್ವ, ಛಲೋ ಹೆಣಮಗಳು, ಆದ್ರ ಎಲ್ಲಾದಕ್ಕೂ ಅವಸರ.

ಎದ್ರೇನು? ಯಾಕ್ರಿ, ಎಲ್ಲಿಗೆ? ಇನ್ನೂ ನನ್ನ ಮಾತಿಗೆ ನೀವು ಹೌದನ್ನಲಿಲ್ಲ, ಅಲ್ಲನ್ನಲಿಲ್ಲ. ಒಳಗ ಬ್ಯಾಡ್ರಿ ಈಗ. ಅಕಿ ಇನ್ನೂ ಜಂಪರು ಹಾಕ್ಕೊಂಡಿಲ್ಲ... ನಿಂದರ್ರಿ, ನಾನ ಕರೀತೀನಿ. ರಂಗೂಬಾಯಿಯವರ, ನಿಮ್ಮ ಕಾಲಿಗೆ ಬೀಳ್ತೀನಿ, ನಿಂದರ್ರಿ.

ತಡೀರಿ.

ನೀವು... ಒಂದ ಸಲಾನೂ ಯಾಕ ಅಂತ ಕೇಳಲಿಲ್ಲ.

ಅಲ್ಲಾ, ಅರಿಶಿಣಾ ಕೈಗೆ ಬ್ಯಾಡ ಅಂದೆ. ಬ್ಯಾರೆ ಯಾರರ ಅತ್ತಿ ಇದ್ದಿದ್ರ ಈ ವಾಡೇ ಹಂಚು ಹಾರಿಹೋಗೋಹಾಂಗ ಒದರತಿದ್ಲು, ನನ್ನ ಸೊಸಿಗೆ ಅರಿಶಿಣಾ ಬ್ಯಾಡ ಅನ್ನಲಿಕ್ಕೆ ನೀ ಯಾರು ಅಂತ. ಬಳಿ ಅರಿವಿ ಮ್ಯಾಲ ಏರಸ್ತೀನಿ ಅಂದೆ. ಮಳ್ಯಾಗ ಲೋಣಾವಳಾ ಅಂದೆ. ಹುಚ್ಚು ಹಿಡದದೇನು ಈಕಿಗೆ ಅಂತರ ಅನ್ನಬೇಕಿತ್ತಲ್ಲ ನೀವು? ಬಟ್ಟಲಾ ತೊಡಿ ಮ್ಯಾಲ ಇಟಗೊಂಡು, ನಾ ಎಷ್ಟು ಆಡ್ತೀನಿ ಆಡಲಿ ಅಂತ ಕೂತ್ರಿ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡಿಕೊಂಡಿದ್ನಂತ. ನಂಗ ಯಾರೂ ಅಷ್ಟೂ ಅನ್ನೋದು ಬೇಕಾಗಲಿಲ್ಲ.

ನಿಮಗ ಗೊತ್ತದ.

ಯಾರು ಹೇಳಿದ್ರು? ರುದ್ರವ್ವ? ಅಲ್ಲ... ಮತ್ತ ಒಳಗ ನೋಡತೀರಿ. ಇಂದೂ? ಇಂದೂನ ಹೇಳಿದಳೇನು? ಯಾವಾಗ... ಸಾಖರಪುಡಾ ದಿನ, ನಿಶ್ಚಯ ಆದ ದಿನ. ಕೈ ತೊಳೀಲಿಕ್ಕೆ ನಿಮ್ಮನ್ನ ಬಚ್ಚಲಕ್ಕ ಅಕೀನ ಕರಕೊಂಡು ಹೋಗಿದ್ಲು. ಎಷ್ಟೊತ್ತಾತಲ್ಲಾ ಇನ್ನೂ ಬರಲಿಲ್ಲಲ್ಲಾ ಅಂತ ನಾ ಹೊರಗ ನಿಂತಿದ್ದೆ. ಅವತ್ತ ತೋಳು ಏರಿಸಿ ತೋರಿಸಿಬಿಟ್ಲೇನು? ಮತ್ತ ನೀವು ಹೊರಗ ಬಂದು, ಅಕೀ ಉಡಿಗೆ ಸಕ್ಕರಿ ಹಾಕಿ ಹೋದ್ರಿ.

ಅವಧೂತಗೂ? ಅಂವಗೂ ಗೊತ್ತದ?

...ಶಿವನ.

ಮೌಶಿ, ಅವರಿಗೆ ಹೇಳಿದ್ಯಾ ಅಂತ ಅಕಿ ನನ್ನ ಕೇಳಿದ್ಲ್ರಿ. ಹೇಳೀನಿ, ಒಪ್ಯಾರ, ಇನ್ನ ಆ ಮಾತು ಎತ್ತಬ್ಯಾಡ ಅಂದೆ. ಆಗಲಿ ಅಂತ ಗೋಣು ಹಾಕಿದ್ಲು. ನಂಬಿದ್ಲು ಅಂತ ತಿಳದೆ. ಹುಡುಗಿ ನನ್ನ ನಂಬಲೇ ಇಲ್ಲ.

ನಾ ಏನ ಮಾಡಬೇಕಿತ್ತು, ನೀವ ಹೇಳ್ರಿ. ಇದಕ್ಕಿಂತ ಮೊದಲ ಹುಬ್ಬಳ್ಳಿಯಿಂದ ಒಂದು ಸಂಬಂಧ ಬಂದಿತ್ತು. ಕೈ ನೋಡಿದ್ರು, ಎದ್ದು ಹೋದ್ರು. ಸುಮ್ಮನ ಹೋಗಲಿಲ್ಲ. ಅಂಗಳದಾಗ ನಿಂತು, ಎಲ್ಲಾ ಬಾಡಿಗಿದಾರರ ಎದುರಿಗೆ, ತೊನ್ನಿನ ಹುಡುಗಿನ್ನ ನಮ್ಮ ಕೊರಳಿಗೆ ಕಟ್ಟಲಿಕ್ಕೆ ನೋಡಿದ್ರಿ ಅಂತ ಅಂದು ಹೋದ್ರು. ಆ ಶಬ್ದ ನಾ ಇವತ್ತಿನತನಾ ಬಾಯಿಲೆ ಆಡಿಲ್ಲ. ಇವತ್ತ ನಿಮ್ಮ ಎದುರಿಗೆ ಆಡಿದೆ. ಬಲಗೈ, ಮಣಿಕಟ್ಟಿನಿಂದ ಮೊಣಕೈತನಾ, ಹಾಲು ಚೆಲ್ಲಿದಂಗ. ಅದಕ್ಕ ಜಂಪರು. ಅದಕ್ಕ ಲೋಣಾವಳಾ. ತಾಳಿ ಬಿದ್ದ ಮ್ಯಾಲ, ಪರಊರಾಗ, ಹೊರಗ ಮಳಿ ಇದ್ದಾಗ ಗೊತ್ತಾದ್ರ ಹುಡುಗ ಎದ್ದು ಎಲ್ಲಿಗೆ ಹೋದಾನು ಅಂತ ಲೆಕ್ಕಾ ಹಾಕಿದ್ದೆ ನಾನು. ಅಂಜಿಕಿ ಆಗಿತ್ರಿ ನಂಗ. ನೀವು ಹೇಸಿಕೊಳ್ತೀರಿ ಅಂತ. ನೀವು ಮುಟ್ಟಲಿಕ್ಕಿಲ್ಲ ಅಂತ.

ಏನಾರ ಅನ್ನರಿ. ಬೈಯ್ರಿ ಬೇಕಾದ್ರ.

...ಇಂದೂ. ಯಾಕ ಬಂದಿ ಹೊರಗ? ಜಂಪರು ಹಾಕ್ಕೊಂಡ ಬಾ ಅಂದಿದ್ದೆನಲ್ಲ. ಬರೇ ಕುಪ್ಪಸದ ಮ್ಯಾಲ... ಇರಲಿ, ಬಾ. ಇನ್ನೇನ ಮುಚ್ಚೋದದ, ಬಾ. ಅತ್ತಿಗೆ ನಮಸ್ಕಾರ ಮಾಡು, ಅರಿಶಿಣ ಹಚ್ಚಿಸ್ಕೊ. ಹಚ್ಚರಿ, ರಂಗೂಬಾಯಿಯವರ, ನಿಮ್ಮ ಮನಸ್ಸು ಬಂದಷ್ಟು ಹಚ್ಚರಿ. ಮೊಣಕೈತನಾ ಹಚ್ಚರಿ.

ನನ್ನ ಮುಂದ ಯಾಕ ಹಿಡದ್ರಿ ಬಟ್ಟಲಾ?

ನಾನೇನ್ರಿ ಮೊದಲ? ಅತ್ತಿಯಾದಾಕಿ ಹಚ್ಚಬೇಕು, ಪದ್ಧತಿ ಹಾಂಗದ, ಆಗಲೇ ಅಂದೆನಲ್ಲ. ನೀವು ಹಚ್ಚರಿ, ಆಮ್ಯಾಲ ರುದ್ರವ್ವ ಹಚ್ಚಲಿ, ನಾ ಕಡೀಕೆ... ತಾಯಿ ಕೈ ಮೊದಲಾಗಲಿ ಅಂತೀರೇನು? ಹಚ್ಚತೀನ್ರಿ. ಹಚ್ಚಲಿಕ್ಕೇನು, ನನ್ನ ಮಗಳು. ಎಡಗೈ ಕೊಡು, ಇಂದೂ.

...ಬಲಗೈ. ಹೌದು, ಶುಭಕ್ಕ ಬಲಗೈನ ಮುಂದ ಮಾಡಬೇಕು. ಗೊತ್ತದ ನಂಗ. ಗಡಿಬಿಡಿದಾಗ ಅಂದೆ.

ಯಾಕ ಇಬ್ಬರೂ ಹಾಂಗ ನೋಡತೀರಿ? ನಾನೇನು... ಸೆರಗು ಸಿಗಸಿಕೊಳ್ತೀನಿ, ಅರಿಶಿಣಾ ಹತ್ತೀತು, ಅದಕ್ಕ ನಿಂತೆ. ಇಂದೂ, ನೀ ಇವರಿಗೆ ಇನ್ನೇನಾರ ಹೇಳೀಯೇನ? ತಂಬಗಿ ಬ್ಯಾರೆ ಇಟ್ಟಾಳ ಅಂತ? ಎಣ್ಣಿ ನಾನ ಹಚ್ಚಿಕೊಳ್ತಿದ್ದೆ, ಮೌಶಿ ಬಚ್ಚಲ ಬಾಗಲದಾಗ ನಿಂತು ಹೇಳಿಕೊಡತಿದ್ಲು ಅಂತ?

ಇಲ್ಲಂತೀಯೇನು? ಹೇಳಿಲ್ಲ.

ಯಾರೂ ಏನೂ ಅಂದಿಲ್ಲ. ನಾನ ಅಂದೆ. ನಿಮ್ಮ ಮುಂದ ದೊಡ್ಡಸ್ತಿಕಿ ಮಾಡಿ ನಾನ ಅಂದೆ, ಒಂದಕ್ಕೂ ನನ್ನ ಕೈ ಬೇಕಾಗಿಲ್ಲ ಅಂತ... ಆವಾಗ ತಿಳದಿತ್ತು ನಿಮಗ, ಅಲ್ಲೇನು? ಮಾರಿ ಸಣ್ಣ ಮಾಡಿಕೊಂಡಿದ್ದು ಅದಕ್ಕ.

ತಡೀರಿ. ಬಟ್ಟಲಾ ಕೆಳಗಿಡಬ್ಯಾಡ್ರಿ. ಹಾಂಗ ಹಿಡೀರಿ.

ಕೊಡವ್ವಾ ಕೈ. ಬಲಗೈ ಕೊಡು. ಇನ್ನೂ ಮುಂದ ಚಾಚು...

ಅಯ್ಯ, ಬೆಚ್ಚಗ ಅದ ಅಲ್ಲಾ ನಿನ್ನ ಕೈ, ಇಂದೂ. ತಣ್ಣಗಿರ್ತದ ಅಂತ ತಿಳಕೊಂಡಿದ್ದೆ ನಾನು.