ಏಳನೇ ಮೈಲುಗಲ್ಲು

ರಾಯಚೂರು ಬಸ್ ನಿಲ್ದಾಣದಲ್ಲಿ ಮಾನ್ವಿ ಬಸ್ಸಿಗೆ ಕಾದು ಕುಳಿತಿದ್ದ ಅಮರಮ್ಮನಿಗೆ ಹಿಂದಿನ ಬೆಂಚಿನ ದನಿಗಳು ಗುರುತು ಹತ್ತಿದವು. ಹೋದ ವಾರ ಅವಳ ಮನೆ ಬಾಗಿಲಿಗೆ ಬಂದವರೇ: ಹೊಲಿಗೆ ಯಂತ್ರ ರಿಪೇರಿಯ ಮುಕರ್ರಂ, ನಿವೃತ್ತ ಟೀಚರ್ ಕೊಟ್ರಮ್ಮ. ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

“ನಿಜಾಮರ ಕಾಲದ ಮೋಟಾರು ರಸ್ತಿ. ಹನ್ನೆರಡು ಮೈಲುಗಲ್ಲಿನಾಗ ಹನ್ನೊಂದು ಸಿಕ್ಕಾವ. ಏಳನೇದು ಎಲ್ಲಿ ಹೋತ್ರೀ ಟೀಚರ್?”

“ಹೋದ ವಾರ ಹೋಗಿದ್ವಲ್ಲ, ಆ ಮನ್ಯಾಗನ ಅದ. ಹಿತ್ತಲದಾಗ ಬಟ್ಟಿ ಒಗಿಯೋ ಕಲ್ಲು ನೋಡಲಿಲ್ಲೇನು? ಅಕ್ಷರ ಕೆಳಗ ಮಾಡಿ ಹಾಕ್ಯಾರ.”

“ಆ ಯವ್ವ ಕಲ್ಲೂ ಇಲ್ಲ ಗಿಲ್ಲೂ ಇಲ್ಲ ಅಂತ ನಾಯಿ ಬಿಟ್ಟಳಲ್ರೀ!”

“ಬಿಡದ ಏನ್ ಮಾಡ್ತಾಳ? ನೀವು ಅಂಗಳದಾಗ ಟೇಪ್ ಹಿಡದು ಅಳಿಯಾಕತ್ತಿದ್ರಿ. ರಸ್ತಿ ಅಗಲ ಮಾಡಾಕ ಬಂದಾರ, ಮನಿ ಕೆಡವ್ತಾರ ಅಂತ ಯಾರಿಗಾದ್ರೂ ಅನಸ್ತದ.”

“ತೋಬಾ! ಹಳೇ ರಸ್ತಿ ಎಲ್ಲಿತ್ತು ಅಂತ ನಾ ಅಳದೆ.”

“ಆಕಿಗೇನು ಗೊತ್ತು? ಹಳೇ ಕಲ್ಲು ಹುಡುಕೋ ನಮ್ಮ ಹುಚ್ಚಿಗೆ ಅಕ್ಷರದ್ದು ಒಂದು ಫೋಟೊ ಸಿಕ್ರ ಸಾಕು. ಕಲ್ಲು ಆಕಿದು, ಅಲ್ಲೇ ಇರಲಿ. ಇವತ್ತು ದೇವದುರ್ಗದ ಕಡೆ ಜಾಗೀರದಾರರ ತೋಟದಾಗಿನ ಬ್ಯಾರೆ ಹಳೇ ಕಲ್ಲು ನೋಡೂಣು. ನಾಳೆ ಮತ್ತ ಆಕಿ ಬಾಗಲಿಗೇ ಹೋಗೂದು.”

“ನಾಯಿ?”

“ಕಚ್ಚಿದ್ರ ಸೂಜಿ ಮಾಡಿಸ್ಕೊಂಡು ನಾಡಿದ್ದು ಹೋಗೂದು.”

ದೇವದುರ್ಗದ ಬಸ್ ಬಂತು. ಇಬ್ಬರೂ ಚೀಲ ಹೆಗಲಿಗೇರಿಸಿ ಅದರತ್ತ ನಡೆದರು. ಅಮರಮ್ಮ ಥಟ್ಟನೆ ಎದ್ದು, ಸೆರಗು ಸರಿಸಿ, ಬಸ್ಸಿನ ಸದ್ದನ್ನೂ ಮೀರಿ ಕೂಗಿದಳು:

“ಟೀಚರಮ್ಮಾ, ನಾಯಿ ಕಟ್ಟಿ ಹಾಕಿರ್ತೀನಿ! ನಾಳೆ ಟೇಪ್ ಬ್ಯಾಡ, ಕಬ್ಬಿಣದ ಹಾರೆ ತರ್ರಿ. ಆ ಕಲ್ಲು ಬರೇ ಕೈಲೆ ಮಗ್ಗಲಿಗೆ ಹೊಳ್ಳಂಗಿಲ್ಲ!”