ನೆರಳು ಅಳದಾಂವ

ಬಾಗಿಲು ಹಾಕ್ರಿ ಮೊದಲ. ನಗೂದಿದ್ರ ಈಗ ನಕ್ಕೊಂಡು ಬಿಡ್ರಿ. ನಡುವ ನಕ್ರ ನಾ ಎದ್ದು ಹೋಗಾಕಿ.

ಇದು ನಮ್ಮ ಸೋದರಮಾವ ಮುದಿಯಪ್ಪಗ ಆದದ್ದು. ಯುದ್ಧದ ಕಾಲ, ಸೀಮೆಎಣ್ಣಿ ಸಿಗತಿರಲಿಲ್ಲ. ಮಾವ ಇರಕಲ್ಲಗಡದಾಗ. ಅವನ ತಂಗಿ ಕಸ್ತೂರೆಮ್ಮ, ಅಂದ್ರ ನಮ್ಮವ್ವ, ಕುಕನೂರಾಗ. ಅಜ್ಜಿ ಯಂಕವ್ವ ಮಗಳ ಮನ್ಯಾಗ ಹಾಸಿಗಿ ಹಿಡದಿದ್ಲು. ಒಂದಿನ ಬೆಳಗ ಹರಿಯೂದ್ರೊಳಗ ಕುಕನೂರಿಂದ ಆಳು ಬಂದ. “ಮುದುಕಿ ಇವತ್ತಿನ ಹೊತ್ತು ಕಳ್ಯಾಕಿ ಅಲ್ಲ. ನಿನ್ನ ಕೈಲೆ ಬಾಯಾಗ ನೀರು ಬಿಡಸ್ಕೋಬೇಕಂತ ಜೀವ ಹಿಡಕೊಂಡಾಳ” ಅಂದ.

ಮಾವ ಬುತ್ತಿ ಕಟಕೊಂಡು ಹೊಂಟ. ದಾರಿ ಲೆಕ್ಕದಾಗ ಅಂವ ಭಾಳ ಶ್ಯಾಣ್ಯಾ. ಗಡಿಯಾರ ಯಾರ ಹಂತೇಕ ಇತ್ತು ಆಗ? ಬಿಸಲಾಗ ನಿಂತು, ತನ್ನ ನೆರಳನ್ನ ತನ್ನ ಪಾದಲೇ ಅಳದು, ಹೊತ್ತೆಷ್ಟು ಉಳದೈತಿ ಅಂತ ಹೇಳಾಂವ. ಒಂದ ಕಾಲಿನ ಹಿಮ್ಮಡಕ್ಕ ಇನ್ನೊಂದ ಕಾಲಿನ ಬೆರಳು ಹಚ್ಚಿ ಒಂದೊಂದ ಪಾದ ಇಡೂದು. ಆದ್ರ ಒಂದು ಮಾತು... ನಮ್ಮ ನೆರಳು ನಾವ ಅಳೀಬೇಕು. ಮಂದಿ ಕಡೆ ಅಳಸಬಾರದು, ಅಳಸಿದ್ರ ನೆರಳು ಅವರ ಪಾಲಾಗತೈತಿ ಅಂತಿದ್ರು ಹಿರೇರು.

ಕುಕನೂರು ಇನ್ನ ಎರಡು ಹರದಾರಿ ಇರೂಮುಂದ, ಹಾಳಬಾವಿ ಹತ್ರ, ಜಾಲಿಮುಳ್ಳು ಹಿಮ್ಮಡದಾಗ ಹೊಕ್ಕು ಮುರೀತು. ಆಲದ ಗಿಡದ ಬುಡಕ ಕುಂತು ಮುಳ್ಳು ಕೀಳಾಕತ್ತಿದ್ದ. ಬಾವಿಯಾಗ ಗಾಲಿ ತಿರುಗಿದ ಸಪ್ಪಳ. ಕಿರ್ರ್... ಕಿರ್ರ್... ಎತ್ತಿಲ್ಲ, ಹಗ್ಗಿಲ್ಲ, ಗಾಲೀನೂ ಇಲ್ಲ.

“ಅವ್ವಗ ನೀರು ಬಿಡಾಕ ಹೊಂಟಿ?”

ಹಿಂದ ಕಂಬಳಿ ಹೊದ್ದಾಂವ ಒಬ್ಬ ನಿಂತಿದ್ದ. ಮಾರಿ ಕಾಣವಲ್ದು. ಇವಗ ಯಾರು ಹೇಳಿದ್ರು?... ಆಳು ಬರೂಮುಂದ ಹೇಳಿದ್ದಾನು ಅಂತ ತನಗ ತಾನ ಸಮಾಧಾನ ಮಾಡಿಕೊಂಡ. ಸಂಶಯ ಬಂದಾಗ ಎದ್ದು ಹೋಗಬೇಕಿತ್ತು. ಮಾವ ಹೋಗಲಿಲ್ಲ.

“ಹೂಂ. ಹಿಮ್ಮಡ ಊರಾಕ ಬರವಲ್ದು. ಹೊತ್ತು ಹೆಂಗ ನೋಡ್ಲಿ?” ಅಂದ ಮಾವ.

“ನೀ ಬಿಸಲಿಗೆ ನಿಂದ್ರು. ನಾ ಅಳಿತೀನಿ.”

ಹೆತ್ತಾಕಿ ಚಿಂತಿಯಾಗ ಮಾವ ನಿಂತುಬಿಟ್ಟ. ಅಂವ ನೆರಳಿನ ಮ್ಯಾಲ ಪಾದ ಇಟ್ಟ. ಚಪ್... ಚಪ್... ಒಣ ಮಣ್ಣಾಗ ಹಸಿ ಪಾದದ ಸಪ್ಪಳ. ನೆರಳಿನ ತಲಿತನಕ ಹೋಗಿ ನಿಂತ.

“ಹೊತ್ತು ಭಾಳ ಐತಿ. ರೊಟ್ಟಿ ತಿಂದು ಹೋಗು.”

ಮಾವ ಒಂದು ರೊಟ್ಟಿ ಮುರದಿರಬೇಕು ಅಷ್ಟ. ಮೈ ಭಾರ ಆತು, ಕಣ್ಣು ಎಳೀತು. ಕಣ್ಣು ಬಿಟ್ಟಾಗ ಕತ್ತಲಾಗಿತ್ತು. ಬಾವಿ ಸಪ್ಪಳ ನಿಂತಿತ್ತು. ಕಂಬಳ್ಯಾಂವ ಇಲ್ಲ. ಮಾವ ಕುಂಟಕೋತ, ಅಳಕೋತ ಓಡಿದ.

ಕುಕನೂರಾಗ ನಮ್ಮಪ್ಪ ಬೀಗರಿಗೆ ಸುದ್ದಿ ಮುಟ್ಟಸಾಕ ಹೋಗಿದ್ದ. ನಮ್ಮವ್ವ ಒಬ್ಬಾಕಿನ ಎಣ್ಣಿದೀಪ ಹಿಡಕೊಂಡು ಅಂಗಳದಾಗ ನಿಂತಿದ್ಲು.

“ತಡ ಮಾಡಿದ್ನೆವಾ ತಂಗಿ... ಅವ್ವ ಅದಾಳ?”

ನಮ್ಮವ್ವ ದೀಪ ಎತ್ತಿ ಅವನ ಮಾರಿ ನೋಡಿದ್ಲು. ಆಮ್ಯಾಲ ಕಾಲು ನೋಡಿದ್ಲು.

“ಹೊತ್ತು ಮುಳುಗೂಮುಂದ ಬಂದು ನೀನ ನೀರು ಬಿಟ್ಟ್ಯಲ್ಲೋ ಅಣ್ಣ. ‘ನನ್ನ ಮಗ ಬಂದ’ ಅಂತ ಅಂದು ಕಣ್ಣು ಮುಚ್ಚಿದ್ಲು. ಈಗ ಆಕಿ ತಲಿದೆಸಿ ಕುಂತಿದ್ದಿ... ಹೊರಗ ಯಾವಾಗ ಬಂದಿ?”

ಇಬ್ಬರೂ ಒಳಗ ಹಣಿಕಿ ಹಾಕಿದ್ರು. ಅಜ್ಜಿ ತಲಿದೆಸಿ ಯಾರೂ ಇದ್ದಿಲ್ಲ. ನೀರಿನ ತಂಬಗಿ ಒಂದು ಇತ್ತು.

ಮಗನ ಕೈ ನೀರು ಕುಡದೆ ಅಂತ ಅಜ್ಜಿ ಸಮಾಧಾನದಿಂದ ಹೋದ್ಲು. ಆ ಸಮಾಧಾನಾನ ಮಾವನ ಎದಿಯಾಗ ಮುಳ್ಳಾಗಿ ಉಳೀತು. ಯಾರ ಕೈ ನೀರು ಕುಡದ್ಲೋ ಅಂತ ಸಾಯೂತನಕ ಕೊರಗಿದ. ನಮ್ಮವ್ವ ಮಾತ್ರ, ಅಂವ ಮನಿಗೆ ಬಂದಾಗೆಲ್ಲಾ, ಮೊದಲ ಕಾಲು ನೋಡಿನ ಒಳಗ ಕರಕೊಳ್ಳಾಕಿ. ಒಡಹುಟ್ಟಿದ ಅಣ್ಣನ್ನ ನೋಡ್ರಿ.

ಸುಳ್ಳು ಅಂತೀರಿ? ನಮ್ಮವ್ವನ ಬಾಯಿಲೆ ಕೇಳೀನಿ, ಮಾವನ ಬಾಯಿಲೇನೂ ಕೇಳೀನಿ. ಎರಡೂ ಒಂದ ಮಾತು. ಅವತ್ತ ಸಂಜಿ ಮುಂದ, ಆ ನೀರು ಬಿಟ್ಟಾಂವ ಬರೂಕಿಂತ ಮೊದಲ, ನಮ್ಮವ್ವ ಆ ಖೋಲಿ ಸಗಣಿಲೆ ಸಾರಿಸಿದ್ಲು. ನೆಲ ಇನ್ನ ಹಸೀನ ಇತ್ತು. ಆಕಿ ಸಣ್ಣ ಹೆಜ್ಜಿ ಬ್ಯಾರೆ ಇದ್ವು. ಅದರ ಬಾಜೂಕ, ಹೊಚ್ಚಲದಿಂದ ಅಜ್ಜಿ ಹಾಸಿಗಿತನಕ ದೊಡ್ಡ ಪಾದ ಮೂಡಿದ್ವು. ಹಿಮ್ಮಡಕ್ಕ ಬೆರಳು ಹಚ್ಚಿ, ಅಳದಂಗ ಇಟ್ಟಿದ್ವು. ಎಲ್ಲಾ ಒಳಗ ಹೋದವು... ಹೊರಗ ಬಂದದ್ದು ಒಂದೂ ಇದ್ದಿಲ್ಲ.